ಒಂಬತ್ತು ಮೊಳೆ

ದಿನಕ್ಕೆ ಆರುನೂರು ಜೇಬು ಕತ್ತರಿಸುತ್ತೇನೆ,
ಅರವತ್ತು ಪದರ ಜೀನ್ಸು ಒಂದರ ಮೇಲೊಂದು.
ಸೀಮೆಸುಣ್ಣದ ಗೆರೆ ಬಿಟ್ಟು ಬ್ಲೇಡು
ಕೂದಲೆಳೆಯಷ್ಟೂ ಅತ್ತಿತ್ತ ಹೋಗುವುದಿಲ್ಲ.
ರಾತ್ರಿ ಒಂಬತ್ತರ ಮೇಲೆ ಕೌಲ್‌ಬಜಾರಿನ ಮಾಳಿಗೆಯಲ್ಲಿ
ಆರೇ ಆರು ಜೇಬಿನ ಮೇಜು.
ಒಂದಕ್ಕಾದರೂ ಒಂದು ಚೆಂಡು,
ಬ್ರೇಕಿನಲ್ಲಿ,
ಊಹೂಂ.

ನನ್ನ ಹೊಡೆತಕ್ಕೆ ಹೆಸರಿತ್ತು:
ಸುಂಕಣ್ಣನ ಬ್ಲಾಸ್ಟಿಂಗು.
ಸಂಡೂರಿನ ಗಣಿಯವರೂ ಕಿವಿ ಮುಚ್ಚಿಕೊಳ್ಳಬೇಕು.
ಬೆನ್ನಿನಿಂದ, ತೊಡೆಯಿಂದ, ಕಚ್ಚಿದ ದವಡೆಯಿಂದ
ಬಲವೆಲ್ಲ ಬಾಚಿ ತಂದು ಕೋಲಿನ ತುದಿಗೆ ಸುರಿದರೆ
ಬಿಳಿ ಚೆಂಡು ಹಾರಿ
ಹೊನ್ನೂರಸ್ವಾಮಿಯ ಚಹಾದ ಲೋಟಕ್ಕೆ ಬಡಿಯಿತು.
ಉಳಿದ ಒಂಬತ್ತೂ
ನೆರಳು ಹುಡುಕುವ ಕುರಿಗಳಂತೆ
ಪಟ್ಟಿಗೊರಗಿ ನಿಂತವು.

ಫಕ್ರುದ್ದೀನ್ ಚಾಚಾ ಏನೂ ಅನ್ನಲಿಲ್ಲ.
ಚೆಂಡು ಜೋಡಿಸುವುದು ಅವರ ಕೆಲಸ, ಆಟಕ್ಕೆ ಐದು ರೂಪಾಯಿ.
ಅದಕ್ಕೂ ಮುಂಚೆ ಬೆಂಗಳೂರು ರಸ್ತೆಯ ಪ್ರೆಸ್ಸಿನಲ್ಲಿ
ಮೂವತ್ತು ವರ್ಷ ಅಕ್ಷರದ ಮೊಳೆ ಜೋಡಿಸಿದವರು,
ಲಗ್ನಪತ್ರಿಕೆ, ಕರಪತ್ರ, ರಸೀದಿ ಪುಸ್ತಕ.
ಈಗಲೂ ಉಲ್ಟಾ ಓದುವುದೇ ಅವರಿಗೆ ಸಲೀಸು.
ಚೌಕಟ್ಟು ಎತ್ತುವ ಮೊದಲು
ಒಂದೊಂದೇ ಚೆಂಡನ್ನು ಉಗುರಿನಿಂದ ತಟ್ಟಿ
ಕಿವಿಗೊಟ್ಟು ಕೇಳುತ್ತಾರೆ.
ಸಡಿಲವಿದ್ದರೆ ಮತ್ತೆ ಒತ್ತುತ್ತಾರೆ.
ನಾನು ಅಷ್ಟು ಹೊತ್ತೂ ಮೊಬೈಲು ನೋಡುತ್ತಿದ್ದೆ.

ಒಂದು ದಿನ ಕೇಳಿಯೇಬಿಟ್ಟೆ,
"ಇನ್ನಾ ಎಷ್ಟು ಜೋರು ಹೊಡೀಬೇಕು ಚಾಚಾ?"
"ಜೋರು ಬೇಕಾದಷ್ಟೈತಿ. ಮೂಗು ಎಲ್ಲೈತಿ ನೋಡು."
ಮೂಗು ಅಂದರೆ ಹಳದಿ, ಒಂದನೆಯದು,
ಗುಂಪಿನ ತುದಿಗೆ ನಿಂತದ್ದು.
"ಮೂಗಿನ ನಟ್ಟನಡುವೆ ಬೀಳಲಿ, ಕೆನ್ನಿಗಲ್ಲ.
ನಿನ್ನ ಬ್ಲೇಡು ಹಿಂಗ ಕುಣಕೊಂತ ಹೋಗ್ತೈತೇನು ಬಟ್ಟ್ಯಾಗ?"

ಬ್ಲೇಡಿನ ಮಾತು ನಾಟಿತು.
ಅವತ್ತಿನಿಂದ ಅರ್ಧ ಬಲ.
ಹಿಂದಿನ ಕೈ ಸಡಿಲ, ಬೇರೆಯವರ ಮಗುವಿನ ಕೈ ಹಿಡಿದಷ್ಟು.
ಕೋಲು ಹಿಂದಕ್ಕೆಳೆದು ಒಂದುಸಿರು ನಿಲ್ಲಬೇಕು.
ಈ ನಿಲ್ಲುವುದೇ ಕಷ್ಟ,
ಪೀಸ್‌ರೇಟಿನ ಕೈಗೆ ನಿಂತು ಗೊತ್ತಿಲ್ಲ.
ಕಣ್ಣು ಕೊನೆಗೆ ಬಿಳಿಯ ಮೇಲೋ, ಹಳದಿಯ ಮೇಲೋ?
ಹಳದಿಯ ಮೇಲೆ. ಅಷ್ಟು ತಿಳಿಯಲು ಹದಿನೇಳು ದಿನ.
ಮೇಜಿನ ನಡುವಿನಿಂದಲ್ಲ, ಎಡಪಟ್ಟಿಗೆ ಒಂದು ಗೇಣು ಬಿಟ್ಟು.
ಹಸಿರು ಬಟ್ಟೆಯ ಮೇಲೆ ನನ್ನ ಹಳೆಯ ಹೊಡೆತಗಳ
ಸುಟ್ಟ ಚುಕ್ಕೆಗಳು,
ಅವನ್ನು ದಾಟಿ.

ಬೆರಳ ತುದಿ ನೀಲಿ, ಕೋಲಿನ ತುದಿಯೂ ನೀಲಿ.
ಯಾವುದು ಜೀನ್ಸಿನ ಬಣ್ಣ, ಯಾವುದು ಚಾಕಿನದು,
ಹುಲಿಗೆಮ್ಮ ಕೇಳುವುದಿಲ್ಲ.
"ಕೈ ತೊಳಿ" ಅನ್ನುತ್ತಾಳೆ, ಅಷ್ಟೆ.

ಏಪ್ರಿಲಿನ ಒಂದು ರಾತ್ರಿ.
ನಲವತ್ತೆರಡರ ಹಗಲು ಗೋಡೆಗಳಿಂದ ಇನ್ನೂ ಇಳಿದಿರಲಿಲ್ಲ.
ಚಾಚಾಗೆ ಜ್ವರ. ನಾನೇ ಜೋಡಿಸಿದೆ.
ಹಳದಿ ಮುಂದೆ, ಪಟ್ಟೆಯ ಒಂಬತ್ತು ನಡುವೆ, ಉಳಿದವು ಸುತ್ತ.
ಉಗುರಿನಿಂದ ತಟ್ಟಿದೆ. ಫ್ಯಾನಿನ ಸದ್ದಷ್ಟೇ ಕೇಳಿತು.
ಬಗ್ಗಿ ಕಣ್ಣಿಟ್ಟರೆ
ನಾಲ್ಕಕ್ಕೂ ಏಳಕ್ಕೂ ನಡುವೆ
ನೂಲಿನಷ್ಟು ಬೆಳಕು.
ಇಷ್ಟು ತಿಂಗಳು ಅದನ್ನು
ಒಬ್ಬರು ಮುಚ್ಚುತ್ತಲೇ ಇದ್ದರು,
ಐದು ರೂಪಾಯಿಗೆ.

ಒತ್ತಿದೆ. ಚೌಕಟ್ಟು ಎತ್ತಿದೆ.
ಕೋಲು ಹಿಂದಕ್ಕೆಳೆದೆ, ನಿಂತೆ,
ಬಿಟ್ಟೆ.
ಕರೆಂಟು ಹೋಯಿತು.

ಕತ್ತಲಲ್ಲಿ ಒಂದು ಸದ್ದು, ಒಣ ಹುಣಸೆಕಾಯಿ ಮುರಿದಂತೆ.
ಹಿಂದೆಯೇ ಚಿಲ್ಲರೆ ಚೆಲ್ಲಿದಂತೆ ಹತ್ತು ಸದ್ದು,
ಪಟ್ಟಿಗೆ ತಾಗಿ, ತಿರುಗಿ, ನಿಧಾನವಾಗಿ.
ಆಮೇಲೆ ಬಲಮೂಲೆಯಲ್ಲಿ
ಏನೋ ಒಂದು ಬಲೆಗಿಳಿಯಿತು.

"ಬಿಳೀದಾ?" ಅಂದ ಹೊನ್ನೂರಸ್ವಾಮಿ ಎಲ್ಲಿಂದಲೋ.
ಇದ್ದರೂ ಇರಬಹುದು.
ಯಾರೂ ಮೊಬೈಲು ಹಚ್ಚಬೇಡ್ರಪ್ಪಾ ಅಂದೆ.
ಮೇಜು ತಡವರಿಸಿಕೊಂಡು ಹೋಗಿ
ಜೇಬಿಗೆ ಕೈಯಿಳಿಸಿ
ಆ ನುಣುಪನ್ನು ಸವರುತ್ತ ನಿಂತೆ.
ಚೆಂಡಿನ ಮೇಲಿನ ಅಂಕಿ
ಮೊಳೆಯ ಹಾಗೆ ಉಬ್ಬಿರುವುದಿಲ್ಲ.